ಪೊಲೀಸ್ ಸಲಹಾ ಮಂಡಳಿಗೆ ಕರೆದಿದ್ದಾರೆ, ಹೋಗಲಾ? ಅನುಭವ ಇದ್ದವರು ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ಪೊಲೀಸರು ಜನರ ಸಲಹಾ ಮಂಡಳಿ ಅಂತ ಒಂದನ್ನು ಮಾಡುತ್ತಿದ್ದಾರೆ. ಒಟ್ಟು ಒಂಬತ್ತು ಜನ, ಅದರಲ್ಲಿ ನನ್ನ ಹೆಸರೂ ಇದೆ. ಎರಡು ತಿಂಗಳಿಗೊಮ್ಮೆ ಸಭೆ. ಪೊಲೀಸರು ಎದೆಗೆ ಸಿಕ್ಕಿಸಿಕೊಳ್ಳುವ ಕ್ಯಾಮೆರಾ ಇದೆಯಲ್ಲ, ಅದರ ಬಳಕೆಯ ನಿಯಮ ಮೊದಲ ಸಭೆಯಲ್ಲೇ ಚರ್ಚೆಗೆ ಬರುತ್ತದಂತೆ. ನಾನು ಮೇಷ್ಟ್ರು. ಕಾನೂನು ಓದಿದವನಲ್ಲ, ಠಾಣೆ ಮೆಟ್ಟಿಲು ಹತ್ತಿದ್ದು ಜೀವನದಲ್ಲಿ ಎರಡೇ ಸಲ. ಮನೆಯಲ್ಲಿ 'ಇಲ್ಲದ ಉಸಾಬರಿ ಯಾಕೆ' ಅಂತಾರೆ. ಗೆಳೆಯರು 'ಹೋಗು, ನಾಳೆ ಏನಾದರೂ ಆದರೆ ಠಾಣೆಯಲ್ಲಿ ಪರಿಚಯ ಇರುತ್ತೆ' ಅಂತಾರೆ, ಅದನ್ನು ಕೇಳಿದ ಮೇಲಂತೂ ಇನ್ನೂ ಹಿಂಜರಿಕೆ. ಇಂಥ ಮಂಡಳಿಯಲ್ಲಿ ಕೂತವರು ಹೇಳಿ: ನಮ್ಮ ಮಾತಿನಿಂದ ನಿಯಮ ನಿಜವಾಗಿ ಬದಲಾಗುತ್ತಾ? ಏನು ತಯಾರಿ ಮಾಡಿಕೊಂಡು ಹೋಗಬೇಕು?

ನಾಲ್ಕು ವರ್ಷ ಸದಸ್ಯೆಯಾಗಿದ್ದವರು:

ಹೋಗಿ ಮೇಷ್ಟ್ರೇ. ಆದರೆ ಒಪ್ಪಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಬಿಡಿ: 'ನಾವು ಕೊಡುವ ಪ್ರತಿ ಸಲಹೆಗೂ ಬರವಣಿಗೆಯಲ್ಲಿ ಉತ್ತರ ಕೊಡುತ್ತೀರಾ?' ಸಲಹೆ ಅಂದ ಮೇಲೆ ಅವರು ಒಪ್ಪಲೇಬೇಕು ಅಂತೇನಿಲ್ಲ. ಒಪ್ಪದಿದ್ದರೆ ಯಾಕೆ ಅಂತ ಬರೆದುಕೊಡಲಿ, ಅಷ್ಟೇ.

ನಮ್ಮದು ಮೊದಲ ವರ್ಷ ಪೂರ್ತಿ ದಂಡ. ಅಧಿಕಾರಿಗಳು ಪರದೆ ಮೇಲೆ ಏನೇನೋ ಗ್ರಾಫ್ ತೋರಿಸೋರು, ನಾವು ತಲೆ ಆಡಿಸೋದು, ಕೊನೆಯ ಹತ್ತು ನಿಮಿಷ ಇರುವಾಗ 'ಏನಾದರೂ ಸಲಹೆ?' ಅನ್ನೋರು. ಅಷ್ಟರಲ್ಲಿ ಒಬ್ಬರು ತಮ್ಮ ಬೀದಿಯ ದೀಪ ಕೆಟ್ಟ ಕಥೆ ಎತ್ತುತ್ತಿದ್ದರು, ಇನ್ನೊಬ್ಬರು ಯಾವುದೋ ಹಳೇ ದೂರು ತೆಗೆಯುತ್ತಿದ್ದರು, ಹೊತ್ತು ಮುಗೀತು. ಹೊಸ ನಿಯಮದ ಪ್ರತಿ ನಮ್ಮ ಕೈಗೆ ಬರುತ್ತಿದ್ದದ್ದು ಅದಕ್ಕೆ ಸಹಿ ಬಿದ್ದ ಮೇಲೆ. ಮದುವೆ ಮುಗಿದ ಮೇಲೆ ಜಾತಕ ತೋರಿಸಿದ ಹಾಗೆ.

ಎರಡನೇ ವರ್ಷ ನಮ್ಮ ಜೊತೆಯ ಒಬ್ಬ ಹಿರಿಯರು, ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು, ಒಂದು ನೋಟ್‌ಬುಕ್ ತಂದರು. ಸ್ಕೇಲ್ ಇಟ್ಟು ನಾಲ್ಕು ಗೆರೆ ಎಳೆದಿದ್ದರು: ತಾರೀಕು, ನಮ್ಮ ಸಲಹೆ, ಅವರ ಉತ್ತರ, ಕಾರಣ. ಪ್ರತಿ ಸಭೆ ಶುರುವಾಗುವುದು ಅದನ್ನು ಗಟ್ಟಿಯಾಗಿ ಓದುವುದರಿಂದಲೇ. ಮೂರನೇ ಸಭೆ ಹೊತ್ತಿಗೆ 14 ಸಾಲು ಇತ್ತು, 11ರ ಮುಂದೆ ಖಾಲಿ. ಅವರು ಕನ್ನಡಕ ಸರಿಮಾಡಿಕೊಂಡು 'ಉತ್ತರ ಇಲ್ಲ... ಉತ್ತರ ಇಲ್ಲ...' ಅಂತ ಒಂದೊಂದೇ ಓದುತ್ತಾ ಹೋದರು. ಯಾರ ಮೇಲೂ ರೇಗಲಿಲ್ಲ. ಮುಂದಿನ ಸಲಕ್ಕೆ ಒಂಬತ್ತು ತುಂಬಿ ಬಂತು. ಅದರಲ್ಲಿ ಆರು 'ಆಗುವುದಿಲ್ಲ' ಅಂತಲೇ ಇತ್ತು, ಆದರೂ ಅದೇ ಜಾಸ್ತಿ ಉಪಯೋಗಕ್ಕೆ ಬಂತು ನೋಡಿ. ಎರಡಕ್ಕೆ 'ಇದು ನಮ್ಮ ಮಟ್ಟದಲ್ಲಿ ಇಲ್ಲ, ಕೇಂದ್ರ ಕಚೇರಿ ಆದೇಶ' ಅಂತ ಬರೆದಿದ್ದರು. ಸರಿ, ಅಲ್ಲಿಗೇ ಬರೆದೆವು.

ಕ್ಯಾಮೆರಾ ನಿಯಮ ನಮ್ಮ ಕಾಲದಲ್ಲೂ ಬಂದಿತ್ತು. ಕರಡಿನಲ್ಲಿ 'ಅಧಿಕಾರಿಗೆ ಸೂಕ್ತವೆನಿಸಿದಲ್ಲಿ ಕ್ಯಾಮೆರಾ ಚಾಲೂ ಮಾಡತಕ್ಕದ್ದು' ಅಂತಿತ್ತು. ಹನ್ನೆರಡು ಪುಟದ ನಿಯಮ ನಿಂತಿದ್ದು ಆ 'ಸೂಕ್ತವೆನಿಸಿದಲ್ಲಿ' ಅನ್ನೋ ಒಂದು ಮಾತಿನ ಮೇಲೆ! ಅನ್ನಿಸದಿದ್ದರೆ? ಅದನ್ನು ಕೇಳುವವರು ಯಾರು? ಎರಡು ಸಭೆ ಅದೊಂದೇ ಮಾತು ಹಿಡಿದು ಕೂತೆವು. ಕೊನೆಗೆ ತಡೆದು ನಿಲ್ಲಿಸುವಾಗ, ತಪಾಸಣೆ ಮಾಡುವಾಗ, ಬಂಧಿಸುವಾಗ, ಬಲ ಬಳಸುವಾಗ ಚಾಲೂ ಇರಲೇಬೇಕು, ಆಫ್ ಮಾಡುವ ಮೊದಲು ಯಾಕೆ ಅಂತ ಕ್ಯಾಮೆರಾಗೆ ಕೇಳುವ ಹಾಗೆ ಹೇಳಬೇಕು ಅಂತ ಬದಲಾಯಿತು.

ನೀವು ಇವನ್ನೂ ಕೇಳಿ. ಮನೆಯೊಳಗೆ ಬಂದಾಗ ಏನು? ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು 'ರೆಕಾರ್ಡ್ ಬೇಡ' ಅಂದರೆ ನಿಲ್ಲಿಸುತ್ತಾರಾ? ವಿಡಿಯೊ ಎಷ್ಟು ದಿನ ಇಡುತ್ತಾರೆ, ಯಾರಿಗೆ ಕೊಡುತ್ತಾರೆ? ವರದಿ ಬರೆಯುವ ಮೊದಲು ಅಧಿಕಾರಿ ತಾನೇ ವಿಡಿಯೊ ನೋಡಬಹುದಾ? ಕೆಲವು ಕ್ಯಾಮೆರಾಗಳು ಬಟನ್ ಒತ್ತುವ ಮೊದಲಿನ 30 ಸೆಕೆಂಡ್ ದೃಶ್ಯವನ್ನೂ ಉಳಿಸಿಕೊಳ್ಳುತ್ತವೆ, ಬರೀ ದೃಶ್ಯ, ಧ್ವನಿ ಇರಲ್ಲ. ಆ ಸೌಲಭ್ಯ ಆನ್ ಇದೆಯಾ ಅಂತ ಕೇಳಿದಾಗ ನಮ್ಮ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು. ಕ್ಯಾಮೆರಾ ಹಾಕಿದ ಕೂಡಲೇ ಎಲ್ಲ ಸರಿಯಾಗುತ್ತೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಕ್ಯಾಲಿಫೋರ್ನಿಯಾದ ರಿಯಾಲ್ಟೊದಲ್ಲಿ 2012ರಲ್ಲಿ ಶುರುವಾದ ಪ್ರಯೋಗದಲ್ಲಿ ಪೊಲೀಸರು ಬಲ ಬಳಸುವುದು ತುಂಬಾ ಕಡಿಮೆ ಆಯ್ತು. ಅದೇ ವಾಷಿಂಗ್ಟನ್ ಡಿ.ಸಿ.ಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಧಿಕಾರಿಗಳನ್ನು ಇಟ್ಟುಕೊಂಡು ಮಾಡಿ 2017ರಲ್ಲಿ ಹೊರಬಂದ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಯಾವಾಗ ಆನ್ ಮಾಡಬೇಕು, ಮಾಡದಿದ್ದರೆ ಏನು ಅನ್ನುವ ನಿಯಮದ ಮೇಲೆ ತುಂಬಾ ನಿಂತಿದೆ ಅಂತ ನನ್ನ ಅನಿಸಿಕೆ. ಅದಕ್ಕೇ ನಿಮ್ಮ ಸಭೆ ಮುಖ್ಯ.

ಒಂದೇ ವರ್ಷಕ್ಕೆ ಬಿಟ್ಟವರು:

ನಾನು ಬೇರೆ ಥರ ಹೇಳ್ತೀನಿ, ಬೇಜಾರಾಗಬೇಡಿ. ನಮ್ಮ ಮಂಡಳಿಯಲ್ಲಿ ಇದ್ದವರೆಲ್ಲ ಸಂಘದ ಅಧ್ಯಕ್ಷರು, ದೊಡ್ಡ ವ್ಯಾಪಾರಿಗಳು, ಅಧಿಕಾರಿಗೆ ಮೊದಲೇ ಬೇಕಾದವರು. ರಾತ್ರಿ ಪಾಳಿ ಮುಗಿಸಿ ಬರುವಾಗ ವಾರಕ್ಕೆರಡು ಸಲ ಗಾಡಿ ತಡೆಸಿಕೊಳ್ಳುವ ಹುಡುಗರು ಒಬ್ಬರೂ ಇರಲಿಲ್ಲ. ನಾವು ಅಲ್ಲಿ ಕೂತು ಅವರ ಬಗ್ಗೆ ನಿಯಮ ಮಾಡುತ್ತಿದ್ದೆವು. ಇಬ್ಬರನ್ನು ಸೇರಿಸಿಕೊಳ್ಳಿ ಅಂದೆ. 'ನೋಡೋಣ' ಅಂದರು. ವರ್ಷ ಪೂರ್ತಿ ನೋಡಿದರು. ಫೋಟೊ ಮಾತ್ರ ಪ್ರತಿ ಸಭೆಯಲ್ಲೂ ತಪ್ಪದೆ ತೆಗೆದರು.

ಶೆರ್ರಿ ಆರ್ನ್‌ಸ್ಟೀನ್ ಅನ್ನುವವರು 1969ರಲ್ಲೇ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿ ಮಾಡಿ ತೋರಿಸಿದ್ದಾರೆ. ಕೈಯಾರೆ ಆರಿಸಿದ ಕೆಲವು 'ಗಣ್ಯ'ರನ್ನು ಮಂಡಳಿಯಲ್ಲಿ ಕೂರಿಸಿ ಸಮಾಧಾನ ಮಾಡುವುದು ಅದರಲ್ಲಿ ಐದನೆಯದು. ನಿಜವಾದ ಪಾಲುದಾರಿಕೆ ಶುರುವಾಗುವುದು ಆರರಿಂದ. ನಾವು ಐದರಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಒಂಬತ್ತು ಜನರ ಪಟ್ಟಿ ಸಿಕ್ಕಿದರೆ ಮೊದಲು ಅದನ್ನು ನೋಡಿ ಮೇಷ್ಟ್ರೇ.

ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು:

ಮೇಜಿನ ಆ ಕಡೆ ಕೂತಿದ್ದವನು ನಾನು. ಮೇಲಿನವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಕಷ್ಟವೂ ಸ್ವಲ್ಪ ಕೇಳಿ. ಜನ ಬಂದು 'ಆ ಕೇಸ್ ಏನಾಯ್ತು' ಅಂತ ಕೇಳುತ್ತಾರೆ. ನಡೆಯುತ್ತಿರುವ ತನಿಖೆ ಬಗ್ಗೆ ಹೇಳುವ ಹಾಗಿಲ್ಲ, ಹೇಳಲೂಬಾರದು. ಆಮೇಲೆ 'ಪೊಲೀಸರು ಮುಚ್ಚಿಡುತ್ತಾರೆ' ಅನ್ನೋ ಮಾತು. ಇನ್ನು ಅಧಿಕಾರಿ ಮೇಲಿನ ದೂರು ನೋಡಲು ಬೇರೆ ವ್ಯವಸ್ಥೆ ಇರಬೇಕು. ಭಾರತದಲ್ಲಿ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ಪೊಲೀಸ್ ದೂರು ಪ್ರಾಧಿಕಾರ ಮಾಡಿ ಅಂದಿದ್ದು ಅದಕ್ಕೇ. ಸಲಹೆ ಕೊಡುವುದು, ದೂರು ವಿಚಾರಿಸುವುದು, ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ಪ್ರತಿ ವಿಷಯಕ್ಕೂ 'ಇದನ್ನು ಬದಲಿಸುವ ಅಧಿಕಾರ ಯಾರಿಗಿದೆ' ಅಂತ ಕೇಳಿ. ಕಾನೂನು ಠಾಣೆಯ ಕೈಯಲ್ಲಿಲ್ಲ. ಮೇಲಿನ ಆದೇಶವೂ ಇಲ್ಲ. ಆದರೆ ಠಾಣೆಯ ಕೈಯಲ್ಲಿ ಇರುವುದೇ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಗಸ್ತು ಎಲ್ಲಿ, ಎಷ್ಟು ಹೊತ್ತಿಗೆ, ದೂರು ಕೊಡಲು ಬಂದವರನ್ನು ಎಲ್ಲಿ ಕೂರಿಸಬೇಕು, ಇಂಥವು.

ಒಂದು ಉದಾಹರಣೆ. ಅಪಘಾತದಲ್ಲಿ ಯಾರಾದರೂ ತೀರಿಕೊಂಡರೆ ನಾವು ಮನೆಗೆ ಫೋನ್ ಮಾಡಿ ಹೇಳುತ್ತಿದ್ದೆವು. ಎಷ್ಟೋ ವರ್ಷ ಹಾಗೇ ನಡೀತು, ತಪ್ಪು ಅಂತ ಅನ್ನಿಸಿರಲೇ ಇಲ್ಲ. ಮಂಡಳಿಯಲ್ಲಿ ಒಬ್ಬ ತಾಯಿ ಇದ್ದರು. ಮಗನ ಸುದ್ದಿ ಬಂದಾಗ ಆಕೆ ಮನೆಯಲ್ಲಿ ಒಬ್ಬರೇ, ಒಲೆ ಮೇಲೆ ಹಾಲು ಇತ್ತಂತೆ. ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗಿ ಹೊಗೆ ತುಂಬಿದರೂ ಪಕ್ಕದವರು ಬಂದು ಆರಿಸುವ ತನಕ ಫೋನ್ ಕಿವಿಯಲ್ಲೇ ಇತ್ತಂತೆ. ಆಕೆ ಇಷ್ಟೇ ಹೇಳಿದರು. ಯಾರನ್ನೂ ಬೈಯಲಿಲ್ಲ. ಆವತ್ತೇ ತೀರ್ಮಾನ ಆಯ್ತು: ಫೋನಿನಲ್ಲಿ ಹೇಳುವಂತಿಲ್ಲ, ಇಬ್ಬರು ಹೋಗಬೇಕು, ಯಾರಾದರೂ ಜೊತೆಗೆ ಬರುವ ತನಕ ಅಲ್ಲೇ ಇರಬೇಕು, ಆಮೇಲೆ ಯಾರನ್ನು ಕೇಳಬೇಕು ಅನ್ನುವ ನಂಬರ್ ಚೀಟಿಯಲ್ಲಿ ಬರೆದುಕೊಡಬೇಕು. ಅದಕ್ಕೆ ಕಾನೂನು ತಿದ್ದುಪಡಿ ಬೇಕಾಗಲಿಲ್ಲ, ಒಂದು ಪೈಸೆ ಬಜೆಟ್ಟೂ ಬೇಕಾಗಲಿಲ್ಲ.

ಒಂದು ರಾತ್ರಿ ಗಸ್ತಿನ ಗಾಡಿಯಲ್ಲಿ ಕೂತು ಸುತ್ತಿ ಬನ್ನಿ ಮೇಷ್ಟ್ರೇ. ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ಒಂದು ರಾತ್ರಿ ಸಾಕು, ಜಾಸ್ತಿ ಹೋದರೆ ನೀವೂ ನಮ್ಮ ಥರಾನೇ ಯೋಚಿಸೋಕೆ ಶುರು ಮಾಡ್ತೀರಿ!

ಕಿವಿ ಕೇಳದ ಸದಸ್ಯರೊಬ್ಬರು:

ನಾನು ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುವವನು. ರಾತ್ರಿ ತಡೆದಾಗ ಮುಖಕ್ಕೆ ಟಾರ್ಚ್ ಬಿಟ್ಟರೆ ಎದುರಿಗಿರುವವರ ತುಟಿ ನನಗೆ ಕಾಣುವುದಿಲ್ಲ. ಸನ್ನೆ ಮಾಡೋಣ ಅಂತ ಕೈ ಎತ್ತಿದರೆ ಹೊಡೆಯಲು ಬಂದ ಅಂದುಕೊಳ್ಳುತ್ತಾರೆ. ಫೋನಿನಲ್ಲಿ ಬರೆದು ತೋರಿಸೋಣ ಅಂತ ಜೇಬಿಗೆ ಕೈ ಹಾಕಿದರೆ ಅದಕ್ಕಿಂತ ಅಪಾಯ. ಕೈಯನ್ನು ಬೆನ್ನ ಹಿಂದೆ ಮಾಡಿ ಕೋಳ ಹಾಕಿದರಂತೂ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಇದನ್ನು ಎರಡು ಸಭೆಯಲ್ಲಿ ಬರೆದುಕೊಟ್ಟೆ. ತಲೆ ಆಡಿಸಿದರು, ಏನೂ ಆಗಲಿಲ್ಲ. ಮೂರನೇ ಸಲ ಸಭೆಯ ಕೋಣೆಯ ದೀಪ ಆರಿಸಿ ಅಂದೆ. ಒಬ್ಬ ಅಧಿಕಾರಿಯ ಕಿವಿಗೆ ಹತ್ತಿ ಇಟ್ಟು, ಇನ್ನೊಬ್ಬರಿಂದ ಅವರ ಮುಖಕ್ಕೆ ಟಾರ್ಚ್ ಬೆಳಕು ಹಾಕಿಸಿ, ಏನಾದರೂ ಪಿಸುಮಾತಿನಲ್ಲಿ ಆಜ್ಞೆ ಕೊಡಿ ಅಂದೆ. ಹತ್ತು ನಿಮಿಷದ ಆಟ. ಆಜ್ಞೆ 'ಕೈ ತೋರಿಸಿ' ಅಂತ. ಅವರು ಎದ್ದು ನಿಂತು ಎರಡು ಹೆಜ್ಜೆ ಮುಂದೆ ಬಂದರು. ಕೋಣೆಯಲ್ಲಿ ಎಲ್ಲರೂ ನಕ್ಕರು, ಆಮೇಲೆ ನಗು ನಿಂತಿತು. ಈಗ ಅಲ್ಲಿನ ನಿಯಮದಲ್ಲಿ ಒಂದು ಸಾಲು ಇದೆ: ಕೈಗಳು ಕಂಡ ಮೇಲೆ ಟಾರ್ಚನ್ನು ಎದೆಯ ಮಟ್ಟಕ್ಕೆ ಇಳಿಸಬೇಕು. ಕೋಳದ ವಿಷಯಕ್ಕೆ ಇನ್ನೂ ಜಗಳ ನಡೀತಿದೆ.

ಹಾಂ, ಮೊದಲ ಎರಡು ಸಭೆಗೆ ಸನ್ನೆ ಭಾಷೆಯ ಅನುವಾದಕರೇ ಇರಲಿಲ್ಲ. ನನ್ನನ್ನು ಕರೆದವರೂ ಅವರೇ! ನಿಮ್ಮ ಸಭೆಯ ಸಮಯ, ಜಾಗ, ಭಾಷೆ ಯಾರಿಗೆ ಆಗಿಬರುತ್ತೆ, ಯಾರಿಗೆ ಇಲ್ಲ ಅಂತ ಒಮ್ಮೆ ನೋಡಿ.

ಇನ್ನೊಬ್ಬರು:

ನಾನು ಯಾವ ಮಂಡಳಿಯಲ್ಲೂ ಕೂತಿಲ್ಲ, ಈ ವಿಷಯ ಓದಿಕೊಂಡವನು. ಒಂದು ವಿಷಯ ಯಾರೂ ಹೇಳಲಿಲ್ಲ, ಅಧಿಕಾರಿಗೆ ವರ್ಗಾವಣೆ ಆದರೆ ಏನು?

ಮಹಾರಾಷ್ಟ್ರದ ಭಿವಂಡಿ ನೋಡಿ. 1984ರಲ್ಲಿ ಭೀಕರ ಗಲಭೆ ಕಂಡ ಊರು. ಆಮೇಲೆ ಅಲ್ಲಿಗೆ ಬಂದ ಸುರೇಶ್ ಖೋಪಡೆ ಅನ್ನುವ ಪೊಲೀಸ್ ಅಧಿಕಾರಿ ಮೊಹಲ್ಲಾ ಸಮಿತಿ ಕಟ್ಟಿದರು, ಹಿಂದೂ ಮುಸ್ಲಿಮರು ಇಬ್ಬರೂ ಇರುವ ಸಮಿತಿ. 1992-93ರಲ್ಲಿ ಹತ್ತಿರದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಅದ್ಭುತವೇ, ಆದರೆ ಅದು ಶುರುವಾಗಿದ್ದು ಒಬ್ಬ ಮನುಷ್ಯನಿಂದ. ಅಂಥವರು ಎಲ್ಲ ಕಡೆ ಸಿಗಬೇಕಲ್ಲ?

ಅದಕ್ಕೇ ಕೆಲವು ದೇಶಗಳು ಇದನ್ನು ಕಾನೂನಿಗೇ ಸೇರಿಸಿಬಿಟ್ಟಿವೆ. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ 1981ರ ಏಪ್ರಿಲ್‌ನಲ್ಲಿ ಪೊಲೀಸರು ಕೆಲವೇ ದಿನಗಳಲ್ಲಿ 900ಕ್ಕೂ ಹೆಚ್ಚು ಜನರನ್ನು ಬೀದಿಯಲ್ಲಿ ತಡೆದು ತಪಾಸಣೆ ಮಾಡಿದರು, ದಂಗೆ ಆಯ್ತು. ಅದರ ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್ಮನ್ ಅವರ ವರದಿ ಬಂತು, 1984ರ ಪೊಲೀಸ್ ಕಾಯ್ದೆಯಲ್ಲಿ ಸ್ಥಳೀಯರ ಅಭಿಪ್ರಾಯ ಕೇಳುವ ವ್ಯವಸ್ಥೆ ಇರಲೇಬೇಕು ಅಂತ ಸೇರಿಸಿದರು. ದಕ್ಷಿಣ ಆಫ್ರಿಕಾದಲ್ಲಿ 1995ರ ಕಾಯ್ದೆಯಲ್ಲೇ ಸಮುದಾಯ ಪೊಲೀಸ್ ವೇದಿಕೆಗಳಿವೆ. ಜಪಾನಿನಲ್ಲಿ ಪೊಲೀಸ್ ಹಗರಣಗಳು ಒಂದರ ಮೇಲೊಂದು ಬಂದ ಮೇಲೆ 2000ದಲ್ಲಿ ಕಾನೂನು ತಿದ್ದಿ ಠಾಣೆಗಳಿಗೆ ಸಲಹಾ ಸಭೆ ಮಾಡಿದರು, ಸದಸ್ಯರನ್ನು ಠಾಣೆಯ ಮುಖ್ಯಸ್ಥರಲ್ಲ, ಪೊಲೀಸರ ಮೇಲೆ ನಿಗಾ ಇಡುವ ಸಾರ್ವಜನಿಕ ಸುರಕ್ಷತಾ ಆಯೋಗ ನೇಮಿಸುತ್ತದೆ. ಷಿಕಾಗೊ ಅಂತೂ ನೇರ ಚುನಾವಣೆಯನ್ನೇ ಮಾಡಿತು: 22 ಪೊಲೀಸ್ ಜಿಲ್ಲೆ, ಪ್ರತಿ ಜಿಲ್ಲೆಗೆ ಮೂವರು, 2023ರಲ್ಲಿ ಮೊದಲ ಸಲ. ಚುನಾವಣೆ ಒಳ್ಳೆಯದೇ ಅಂತ ನಾನು ಹೇಳಲ್ಲ, ಅಲ್ಲಿಗೂ ರಾಜಕೀಯ ಬರುತ್ತೆ. ಆದರೆ ನಿಮ್ಮ ಮಂಡಳಿಗೆ ಒಂದು ಪುಟದ ಲಿಖಿತ ನಿಯಮಾವಳಿಯಾದರೂ ಇರಲಿ. ಯಾರು ನೇಮಿಸುತ್ತಾರೆ, ಅವಧಿ ಎಷ್ಟು, ಕರಡು ಎಷ್ಟು ದಿನ ಮೊದಲು ಕೈಗೆ ಬರಬೇಕು, ನಡಾವಳಿ ಜನರಿಗೆ ಸಿಗುತ್ತಾ. ಇಲ್ಲದಿದ್ದರೆ ಹೊಸ ಅಧಿಕಾರಿ ಬಂದು 'ಯಾವ ಮಂಡಳಿ?' ಅಂತಾರೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಿಖಿತ ಉತ್ತರದ ಬಗ್ಗೆ ಇಮೇಲ್ ಕಳಿಸಿದೆ. 'ಮೊದಲ ಸಭೆಯಲ್ಲಿ ಚರ್ಚಿಸೋಣ' ಅಂತ ಬಂತು, ಕರಡು ಮಾತ್ರ ಕೇಳಿದ ತಕ್ಷಣ ಕಳಿಸಿದರು, ಅದೊಂದು ಒಳ್ಳೆಯದಾಯ್ತು. 18 ಪುಟ. ಪತ್ರಿಕೆ ತಿದ್ದುವ ಕೆಂಪು ಪೆನ್ ಹಿಡಿದು ಕೂತಿದ್ದೆ. 'ಸೂಕ್ತವೆನಿಸಿದಲ್ಲಿ' ಇಲ್ಲ. 'ಸಾಧ್ಯವಾದ ಮಟ್ಟಿಗೆ' ಅನ್ನೋದು ಏಳು ಸಲ ಇದೆ!

ನಾಲ್ಕು ವರ್ಷ ಸದಸ್ಯೆಯಾಗಿದ್ದವರು:

ಏಳನ್ನೂ ಒಂದೇ ಸಭೆಯಲ್ಲಿ ಎತ್ತಬೇಡಿ ಮೇಷ್ಟ್ರೇ, 'ವ್ಯಾಕರಣ ತಿದ್ದೋಕೆ ಬಂದಿದ್ದಾರೆ' ಅಂತಾರೆ. ತಡೆಯುವುದು, ಬಲ ಬಳಸುವುದು, ಇವೆರಡರ ಪಕ್ಕದಲ್ಲಿ ಇರುವುದನ್ನು ಮಾತ್ರ ಹಿಡಿಯಿರಿ. ಉಳಿದವು ನೋಟ್‌ಬುಕ್ಕಿಗೆ. ಸ್ಕೇಲ್ ಇದೆಯಲ್ಲ ನಿಮ್ಮ ಹತ್ತಿರ?