ಆಷಾಢದ ಥಂಡಿಯಲ್ಲಿ ಪಾಮ್ ಬೀಜ ಮೊಳೆಸುವುದು: ಮಲೆನಾಡಿನ ಕೆಲವರ ಅನುಭವ

ಪ್ರಶ್ನೆ, ಹೊಸನಗರದಿಂದ

ಮನೆಯ ಮುಂದೆ ನೆಡಲೆಂದು ಫಾಕ್ಸ್‌ಟೇಲ್ ಮತ್ತು ಬಾಟಲ್ ಪಾಮ್ ಬೀಜಗಳನ್ನು ಅಂಚೆಯಲ್ಲಿ ತರಿಸಿದೆ. ಮಳೆ ಹಿಡಿಯಲೆಂದು ಕಾಯುತ್ತ ಅವುಗಳಲ್ಲಿ ಅರ್ಧವನ್ನು ಎರಡು ತಿಂಗಳು ಫ್ರಿಜ್ಜಿನಲ್ಲಿಟ್ಟು, ಉಳಿದರ್ಧವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಜೂನ್ ಕೊನೆಯಲ್ಲಿ ಕುಂಡಗಳಲ್ಲಿ ಬಿತ್ತಿದೆ. ಸೆಪ್ಟೆಂಬರ್ ಮುಗಿಯುತ್ತ ಬಂದರೂ ಒಂದೂ ಮೊಳೆತಿಲ್ಲ. ತೋಟದಂಚಿನ ಬಗನಿ (ಇದೂ ಪಾಮ್ ಜಾತಿಯದೇ) ಮರದ ಹಣ್ಣುಗಳನ್ನೂ ಆರಿಸಿಟ್ಟಿದ್ದೇನೆ. ಮನೆಯಲ್ಲಿ ಪಾಮ್ ಬೀಜ ಮೊಳೆಸಿದವರು ಏನು ಮಾಡಿದಿರಿ, ಎಲ್ಲಿ ಎಡವಿದಿರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ತೀರ್ಥಹಳ್ಳಿ ಬಳಿಯ ಹಳ್ಳಿಯಿಂದ

ನೀವು ಮಾಡಿದ್ದನ್ನೇ ನಾನೂ ಮಾಡಿ ಕೈಸುಟ್ಟುಕೊಂಡಿದ್ದೇನೆ. ಮಳೆ ಬಿದ್ದ ಮೇಲೆ ಬಿತ್ತನೆ ಎಂಬುದು ನಮಗೆ ರಕ್ತಗತವಾಗಿ ಬಂದ ಲೆಕ್ಕ. ಭತ್ತಕ್ಕೆ, ಸೌತೆ-ಹೀರೆಗೆ ಅದು ಸರಿ. ಆದರೆ ಉಷ್ಣವಲಯದ ಬಹಳಷ್ಟು ಪಾಮ್‌ಗಳ ಬೀಜ ಒಣಗಿಸಿ ಕಣಜದಲ್ಲಿಡುವ ಜಾತಿಯದಲ್ಲ. ಅದು ಹಲಸಿನ ಬೀಜದ ಹಾಗೆ, ಒಣಗಿದರೂ ಸಾಯುತ್ತದೆ, ಫ್ರಿಜ್ಜಿನ ತಂಪಿಗೂ ಸಾಯುತ್ತದೆ.

ಮೂರು ವರ್ಷದ ಹಿಂದೆ ನಾನು ತರಿಸಿದ ಇಪ್ಪತ್ತು ಫಾಕ್ಸ್‌ಟೇಲ್ ಬೀಜಗಳಲ್ಲಿ ಒಂದೂ ಏಳದೆ ಹೋದಾಗ, ಬೇಸರಕ್ಕೆ ಒಂದರ ಕಪ್ಪು ನಾರಿನ ಹೊದಿಕೆಯನ್ನು ಬಿಡಿಸಿ ಅಡಕತ್ತರಿಯಲ್ಲಿ ಸೀಳಿದೆ. ಬಿಳಿಯ ಬೇಳೆ ಗಟ್ಟಿಯಾಗಿ, ನೋಡಲು ಚೊಕ್ಕವಾಗಿಯೇ ಇತ್ತು. ಆದರೆ ಬುಡದ ಬಳಿಯ ಸಣ್ಣ ಗುಳಿಯಲ್ಲಿ ಕೂರುವ ಜೀರಿಗೆ ಗಾತ್ರದ ಭ್ರೂಣ ಕಂದು ಬಣ್ಣಕ್ಕೆ ತಿರುಗಿ ಸುರುಟಿಹೋಗಿತ್ತು. ಬೇಳೆಯ ಗಟ್ಟಿತನ ನೋಡಿ ಬೀಜ ಜೀವಂತವಿದೆ ಎಂದುಕೊಳ್ಳುವುದೇ ಮೊದಲ ಮೋಸ. ನೀವೂ ಒಂದೆರಡನ್ನು ಸೀಳಿ ನೋಡಿ. ಭ್ರೂಣ ಬೆಳ್ಳಗೆ, ತುಂಬಿಕೊಂಡಿದ್ದರೆ ಮಾತ್ರ ಉಳಿದವನ್ನು ಕಾಯುವುದರಲ್ಲಿ ಅರ್ಥವಿದೆ.

ಎರಡನೆಯ ಸಂಗತಿ ಶಾಖದ್ದು. ಫಾಕ್ಸ್‌ಟೇಲ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮರ, ಬಾಟಲ್ ಪಾಮ್ ಮಾರಿಷಸ್ ಬಳಿಯ ರೌಂಡ್ ದ್ವೀಪದ್ದು. ಇಂಥ ಬೀಜಗಳು ಚೆನ್ನಾಗಿ ಮೊಳೆಯಲು 30ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಷಾಢದಲ್ಲಿ ನಮ್ಮ ಜಗಲಿಯಲ್ಲಿ ತೂಗುಹಾಕಿದ ಥರ್ಮಾಮೀಟರ್ ಹಗಲಿನಲ್ಲೂ 22, 23ರ ಆಚೆ ಏರುವುದಿಲ್ಲ. ಆ ಥಂಡಿಯಲ್ಲಿ, ಸದಾ ತೊಯ್ದ ಕುಂಡದಲ್ಲಿ ಬೀಜ ಮೊಳೆಯುವುದಕ್ಕಿಂತ ಮೊದಲು ಬೂಸಲು ಹಿಡಿಯುತ್ತದೆ.

ನಮಗೆ ದಾರಿ ತೋರಿಸಿದ್ದು ಬಚ್ಚಲೊಲೆ. ಹಂಡೆಗೆ ದಿನಕ್ಕೆರಡು ಬಾರಿ ಬೆಂಕಿ ಹಾಕುವ ಮನೆಯಲ್ಲಿ ಒಲೆಯ ಪಕ್ಕದ ಗೋಡೆ ರಾತ್ರಿಯವರೆಗೂ ಬೆಚ್ಚಗಿರುತ್ತದೆ. ಒಲೆಯಿಂದ ಒಂದು ಮೊಳ ದೂರಕ್ಕೆ ಹಲಗೆ ಜೋಡಿಸಿ, ಅದರ ಮೇಲೆ ಬೀಜದ ಚೀಲಗಳನ್ನಿಟ್ಟೆ. ಹಗಲು 32 ಡಿಗ್ರಿ, ಬೆಳಗಿನ ಜಾವಕ್ಕೆ 26. ಈ ಏರಿಳಿತದಿಂದ ತೊಂದರೆಯೇನೂ ಆಗಲಿಲ್ಲ. ಮೊದಲ ದಿನ ಮಾತ್ರ ನೇರ ಕಟ್ಟೆಯ ಮೇಲಿಟ್ಟು ನಾಲ್ಕು ಬೀಜಗಳನ್ನು ಬೇಯಿಸಿಬಿಟ್ಟಿದ್ದೆ.

ಚೀಲವೆಂದರೆ ಜಿಪ್ ಇರುವ ಸಾಮಾನ್ಯ ಪ್ಲಾಸ್ಟಿಕ್ ಚೀಲ. ತೆಂಗಿನ ನಾರಿನ ಪುಡಿಯನ್ನು ನೆನೆಸಿ, ಮುಷ್ಟಿಯಲ್ಲಿ ಬಲವಾಗಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳುವಷ್ಟು ಹದಕ್ಕೆ ತಂದು, ಅದರಲ್ಲಿ ಬೀಜಗಳನ್ನು ಒಂದಕ್ಕೊಂದು ತಾಗದಂತೆ ಹುದುಗಿಸಿ ಬಾಯಿ ಮುಚ್ಚುತ್ತೇನೆ. ಮತ್ತೆ ನೀರು ಹಾಕುವ ಅಗತ್ಯವೇ ಬೀಳುವುದಿಲ್ಲ. ವಾರಕ್ಕೊಮ್ಮೆ ಬಾಯಿ ತೆರೆದು ಗಾಳಿಯಾಡಿಸಿ, ಬೂಸಲು ಬಂದ ಬೀಜವನ್ನು ತೊಳೆದು ಹೊಸ ಪುಡಿಗೆ ಹಾಕಿದರಾಯಿತು. ಕುಂಡದಲ್ಲಿ ಬಿತ್ತಿ ಪ್ರತಿದಿನ ಕೆದಕಿ ನೋಡುವ ಚಪಲಕ್ಕೂ ಈ ಪಾರದರ್ಶಕ ಚೀಲವೇ ಮದ್ದು. ನೆರೆಮನೆಯ ಅರೆಕಾ ಪಾಮ್‌ನಿಂದ (ಮಡಗಾಸ್ಕರ್ ಮೂಲದ ಈ ಅಲಂಕಾರದ ಗಿಡಕ್ಕೂ ನಮ್ಮ ಅಡಿಕೆಗೂ ಇರುವುದು ದೂರದ ನಂಟಷ್ಟೇ) ಅಂದೇ ಕಿತ್ತು ತಂದ ಹಣ್ಣಿನ ಬೀಜಗಳು ಹೀಗೆ ಐದನೆಯ ವಾರದಲ್ಲಿ ಮೊಳೆತವು.

ಬಗನಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಆ ಹಣ್ಣನ್ನು ಬರಿಗೈಯಲ್ಲಿ ಹಿಸುಕಬೇಡಿ. ತಿರುಳಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಕೆಸುವಿನ ತುರಿಕೆಗೆ ಕಾರಣವಾದುದೂ ಅದೇ, ಆದರೆ ಬಗನಿಯದು ಇನ್ನೂ ತೀವ್ರ. ನಾನು ಒಮ್ಮೆ ಕೈಗವಸಿಲ್ಲದೆ ಹಿಸುಕಿ, ಆಮೇಲೆ ಮರೆತು ಕತ್ತು ಮುಟ್ಟಿಕೊಂಡು, ಆ ರಾತ್ರಿ ನಿದ್ದೆ ಮಾಡಲಿಲ್ಲ. ತಿರುಳನ್ನು ಪೂರ್ತಿ ತೆಗೆಯಲೇಬೇಕು, ಏಕೆಂದರೆ ಮೊಳಕೆಯನ್ನು ತಡೆಹಿಡಿಯುವ ಅಂಶ ಅದರಲ್ಲಿದೆ. ದಪ್ಪ ರಬ್ಬರ್ ಕೈಗವಸು ತೊಟ್ಟು ಮರಳಿನೊಂದಿಗೆ ಉಜ್ಜಿ ತೊಳೆದು, ಎರಡು ದಿನ ನೀರು ಬದಲಿಸುತ್ತ ನೆನೆಹಾಕಿ. ಪುನುಗಿನ ಬೆಕ್ಕು ಹಣ್ಣು ತಿಂದು ಅಂಗಳದಂಚಿನಲ್ಲಿ ಹಾಕಿಹೋದ ಹಿಕ್ಕೆಯಲ್ಲಿ ಈ ಕೆಲಸ ಮಾಡಿಟ್ಟ ಬೀಜಗಳೇ ಸಿಗುತ್ತವೆ. ನನ್ನ ಬಳಿ ಈಗಿರುವ ಎರಡು ಬಗನಿ ಸಸಿಗಳು ಹಾಗೆ ಬಂದವು. ಆದರೆ ಅವು ಏಳಲು ಆರು ತಿಂಗಳಿಗೂ ಮೇಲೆ ಹಿಡಿಯಿತು.

ಮೊಳೆತ ಮೇಲೆ ಬೀಜವನ್ನು ಸಸಿಯಿಂದ ಕಿತ್ತುಹಾಕಬೇಡಿ. ಮೊಳೆತ ತೆಂಗಿನಕಾಯಿ ಒಡೆದಾಗ ಮಕ್ಕಳು ಜಗಳವಾಡಿ ತಿನ್ನುವ ಸ್ಪಂಜಿನಂಥ ಗಡ್ಡೆ ಇರುತ್ತದಲ್ಲ, ಸಣ್ಣ ಪ್ರಮಾಣದಲ್ಲಿ ಅದೇ ಅಂಗ ಎಲ್ಲ ಪಾಮ್‌ಗಳಲ್ಲೂ ಬೇಳೆಯನ್ನು ಕರಗಿಸಿ ಸಸಿಗೆ ಉಣಿಸುತ್ತಿರುತ್ತದೆ.

ಸಾಗರದಿಂದ

ಮೇಲಿನವರ ಮಾತಿಗೆ ನನ್ನದೊಂದು ತಿದ್ದುಪಡಿ. ತಿರುಳು ಬಿಡಿಸುವುದು, ಮತ್ತೆ ಬೀಜ ಆರಿಸುವಾಗ ಹಲವರು ಮಾಡುವಂತೆ ನೀರಿನಲ್ಲಿ ತೇಲಿದ್ದನ್ನು ಪೊಳ್ಳೆಂದು ಎಸೆಯುವುದು, ಇವೆರಡೂ ಅಡಿಕೆಗೆ ಸಲ್ಲುವುದಿಲ್ಲ. ನಾವು ಪೂರ್ತಿ ಹಣ್ಣಾದ ಗೋಟನ್ನು (ಅಡಿಕೆಹಣ್ಣನ್ನು) ಸಿಪ್ಪೆಸಮೇತ ಬಿತ್ತುತ್ತೇವೆ. ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಹಣ್ಣೇ ಒಳ್ಳೆಯ ಸಸಿ ಕೊಡುವುದು. ಅಡ್ಡ ಬಿದ್ದು ತೇಲುವುದನ್ನು ಬಿಡುತ್ತೇವೆ. ಮರಳಿನ ಮಡಿಯಲ್ಲಿ ಸುಮಾರು 5 ಸೆಂಟಿಮೀಟರ್ ಅಂತರಕ್ಕೆ, ತೊಟ್ಟು ಮೇಲ್ಮುಖವಾಗಿ, ಮೇಲೆ ತೆಳುವಾಗಿ ಮರಳು ಮುಚ್ಚುವಂತೆ ಇಟ್ಟರೆ ಆರರಿಂದ ಎಂಟು ವಾರಗಳಲ್ಲಿ ಮೊಳಕೆ ಬರುತ್ತದೆ. ಎರಡು ಮೂರು ಎಲೆ ಬಂದ ಮೇಲೆ ಪಾಲಿಥಿನ್ ಚೀಲಕ್ಕೆ ಬದಲಿಸುತ್ತೇವೆ.

ಇನ್ನೊಂದು ಮಾತು. ತಾಡವೋಲೆಗೆ ಬಳಸುತ್ತಿದ್ದ ಶ್ರೀತಾಳೆಯನ್ನೋ, ತಾಟಿನುಂಗಿನ ತಾಳೆಯನ್ನೋ ಬೆಳೆಸುವ ಆಸೆಯಿದ್ದವರು ಜಿಪ್ ಚೀಲವನ್ನು ನೆಚ್ಚಿಕೊಳ್ಳಬಾರದು. ಅಡಿಕೆ, ತೆಂಗಿನಲ್ಲಿ ಸಸಿ ಬೀಜದ ಮಗ್ಗುಲಲ್ಲೇ ಏಳುತ್ತದೆ. ಇವುಗಳಲ್ಲಿ ಬೀಜದಿಂದ ಬಿಳಿಯ ಕೊಳವೆಯೊಂದು ನೆಲದಾಳಕ್ಕೆ ಇಳಿದು, ಅದರ ತುದಿಯಲ್ಲಿ ಸಸಿ ಹುಟ್ಟುತ್ತದೆ. ತಾಳೆಯಲ್ಲಿ ಅದು ಒಂದಡಿಗೂ ಆಳ ಹೋಗುತ್ತದೆ. ಬೇರೆಂದು ತಿಳಿದು ಕೊಳವೆಯ ತುದಿ ಮುರಿದರೆ ಗಿಡವೇ ಹೋಯಿತು. ನೇರವಾಗಿ ನೆಲದಲ್ಲೇ ಬಿತ್ತುವುದು ಮೇಲು.

ಶಿವಮೊಗ್ಗ ನಗರದಿಂದ

ಬಚ್ಚಲೊಲೆಯಿಲ್ಲದ ನಮ್ಮಂಥವರು ಬೇಸಿಗೆಯನ್ನೇ ಬಳಸಿಕೊಳ್ಳಬೇಕು. ಮಾರ್ಚ್‌ನಲ್ಲಿ ಚೀಲಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ತಾರಸಿ ಮೆಟ್ಟಿಲಿನ ಕೆಳಗೆ ನೇರ ಬಿಸಿಲು ಬೀಳದ ಕಡೆ ಇಟ್ಟೆ. ಮಳೆ ಹಿಡಿಯುವ ಹೊತ್ತಿಗೆ ಬಾಟಲ್ ಪಾಮ್ ಹದಿನೈದರಲ್ಲಿ ಒಂಬತ್ತು ಮೊಳೆತಿದ್ದವು.

ಮತ್ತೆ ಹೊಸನಗರದಿಂದ

ಎಲ್ಲರಿಗೂ ವಂದನೆಗಳು. ನಿನ್ನೆ ಕುಂಡದಿಂದ ಆರು ಬೀಜಗಳನ್ನು ತೆಗೆದು ಅಡಕತ್ತರಿಯಲ್ಲಿ ಸೀಳಿದೆ. ಫ್ರಿಜ್ಜಿನಲ್ಲಿದ್ದ ನಾಲ್ಕರಲ್ಲೂ ಭ್ರೂಣ ಕಂದಿದೆ. ಹೊರಗಿದ್ದ ಎರಡರಲ್ಲಿ ಒಂದರದು ಬೆಳ್ಳಗಿದೆ. ಫ್ರಿಜ್ಜಿನಲ್ಲಿಟ್ಟಿದ್ದನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿ, ಉಳಿದ ಒಂಬತ್ತನ್ನು ಚೀಲಕ್ಕೆ ತುಂಬಿ ಬಚ್ಚಲೊಲೆಯ ಪಕ್ಕದ ಹಲಗೆಗೆ ಸಾಗಿಸಿದ್ದೇನೆ. ಬಗನಿ ಹಣ್ಣನ್ನು ಇನ್ನೂ ಮುಟ್ಟಿಲ್ಲ. ರಬ್ಬರ್ ಕೈಗವಸು ತರಬೇಕು.