1899ರ ರೆಗ್ಯುಲೇಷನ್, 1964ರ ಅಧಿನಿಯಮ, ಕೈಯಲ್ಲೊಂದು ಸುತ್ತೋಲೆ: ಯಾವುದರ ಮಾತು ನಡೆಯುತ್ತದೆ?

ಬೇತ್ರಿಯವ:

ಕೊಡಗಿನ ವಿರಾಜಪೇಟೆ ತಾಲೂಕಿನಲ್ಲಿ ನಮ್ಮ ಒಕ್ಕದ (ಮನೆತನದ) ಹೆಸರಿನಲ್ಲಿ ಜಮ್ಮಾ ಬಾಣೆ, ಎಂದರೆ ವಂಶಪಾರಂಪರ್ಯದ ಹಿಡುವಳಿಯಾಗಿ ಗದ್ದೆಗೆ ಹೊಂದಿಕೊಂಡು ಬಂದ ಕಾಡು-ಹುಲ್ಲಿನ ಜಮೀನು, ಇದೆ. ದಾಖಲೆಯ ತಿದ್ದುಪಡಿಯ ವಿಚಾರವಾಗಿ ಕಚೇರಿಗೆ ಹೋದಾಗ ಒಬ್ಬರು 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್ ನೋಡಬೇಕೆಂದರು, ಇನ್ನೊಬ್ಬರು ಅದೆಲ್ಲ ಹೋಯಿತು, ಈಗ 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮ ಮಾತ್ರ ಎಂದರು, ಮೂರನೆಯವರು ಎರಡನ್ನೂ ಬದಿಗಿಟ್ಟು ಒಂದು ಸುತ್ತೋಲೆಯ ಪ್ರತಿ ತೋರಿಸಿದರು. ಇವುಗಳಲ್ಲಿ ಮೇಲಿನದು ಯಾವುದು? ಬ್ರಿಟಿಷರ ಕಾಲದ ರೆಗ್ಯುಲೇಷನ್ ಎಂದರೆ ನಿಯಮಾವಳಿಯ ಮಟ್ಟದ್ದೋ, ಕಾಯ್ದೆಯ ಮಟ್ಟದ್ದೋ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಕಟ್ಟೆಮನೆ ಓದುಗ:

ಸ್ಥೂಲವಾಗಿ ಹೇಳುವುದಾದರೆ ಎಲ್ಲಕ್ಕಿಂತ ಮೇಲೆ ಸಂವಿಧಾನ, ಅದರ ಕೆಳಗೆ ಸಂಸತ್ತು ಮತ್ತು ರಾಜ್ಯ ವಿಧಾನಮಂಡಲಗಳ ಅಧಿನಿಯಮಗಳು, ಅಧಿವೇಶನ ಇಲ್ಲದಾಗ ಹೊರಡುವ ಅಧ್ಯಾದೇಶಗಳೂ ಸದ್ಯಕ್ಕೆ ಅದೇ ಸಾಲಿನಲ್ಲಿ, ಆಮೇಲೆ ಅಧಿನಿಯಮ ಕೊಟ್ಟ ಅಧಿಕಾರದಿಂದ ಸರ್ಕಾರ ಮಾಡುವ ನಿಯಮ, ಅಧಿಸೂಚನೆ, ಉಪವಿಧಿಗಳು. ಸುತ್ತೋಲೆ ಇವೆಲ್ಲಕ್ಕಿಂತ ಕೆಳಗೆ. ಸಂಸತ್ತಿನ ಕಾಯ್ದೆ ಯಾವಾಗಲೂ ರಾಜ್ಯದ ಕಾಯ್ದೆಗಿಂತ ಮೇಲು ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಏಳನೇ ಅನುಸೂಚಿಯಲ್ಲಿ ಭೂಮಿ ಮತ್ತು ಭೂಕಂದಾಯ ರಾಜ್ಯಪಟ್ಟಿಯಲ್ಲಿವೆ, ಆದ್ದರಿಂದ ನಿಮ್ಮ ಬಾಣೆಯ ವಿಷಯದಲ್ಲಿ ಮಾತಾಡಬೇಕಾದುದು ಬೆಂಗಳೂರು. ಸಮವರ್ತಿ ಪಟ್ಟಿಯ, ಎಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ, ವಿಷಯಗಳಲ್ಲಿ ತಿಕ್ಕಾಟ ಬಂದಾಗ ಮಾತ್ರ 254ನೇ ವಿಧಿಯ ಪ್ರಕಾರ ಕೇಂದ್ರದ ಕಾಯ್ದೆ ಸಾಮಾನ್ಯವಾಗಿ ಗೆಲ್ಲುತ್ತದೆ.

ಹಳೇ ವಕೀಲ, ಮಡಿಕೇರಿ:

ಮೇಲಿನ ಉತ್ತರಕ್ಕೆ ಒಂದಿಷ್ಟು ಕೊಡಗಿನ ಇತಿಹಾಸ ಸೇರಿಸದಿದ್ದರೆ ಪ್ರಶ್ನೆಯ ಮುಖ್ಯ ಭಾಗ ಹಾಗೇ ಉಳಿಯುತ್ತದೆ.

ಒಂದು ಶಾಸನ ಯಾವ ಮಟ್ಟದ್ದು ಎಂಬುದನ್ನು ತೀರ್ಮಾನಿಸುವುದು ಅದನ್ನು ಹೊರಡಿಸಿದವರಿಗೆ ಆ ಅಧಿಕಾರ ಎಲ್ಲಿಂದ ಬಂತು ಎಂಬ ಸಂಗತಿ. 1834ರಲ್ಲಿ ಕಂಪನಿಯ ಕೈಸೇರಿದ ಕೊಡಗು ಮುಂದೆ ಚೀಫ್ ಕಮಿಷನರ್ ಆಡಳಿತದ ಪ್ರಾಂತ್ಯವಾಯಿತು, 1874ರ ಅನುಸೂಚಿತ ಜಿಲ್ಲೆಗಳ ಕಾಯ್ದೆಯ ಪಟ್ಟಿಗೂ ಸೇರಿತು. ಇಂಥ ಪ್ರದೇಶಗಳಿಗೆ ಬ್ರಿಟಿಷ್ ಸಂಸತ್ತಿನ 1870ರ ಕಾಯ್ದೆಯೊಂದು ಬೇರೆಯೇ ದಾರಿ ಮಾಡಿಕೊಟ್ಟಿತ್ತು: ಸ್ಥಳೀಯ ಆಡಳಿತ ಕರಡು ಕಳಿಸುವುದು, ಗವರ್ನರ್ ಜನರಲ್ ತನ್ನ ಮಂಡಲಿಯೊಡನೆ ಅದಕ್ಕೆ ಒಪ್ಪಿಗೆ ಕೊಡುವುದು, ಅಷ್ಟಾದರೆ ಅದು ಶಾಸನವೇ. 1899ರ 1ನೇ ರೆಗ್ಯುಲೇಷನ್ ಹೀಗೆ ಹುಟ್ಟಿದ್ದು. ಶಾಸನಸಭೆಯಲ್ಲಿ ಚರ್ಚೆಯಾಗದಿದ್ದರೂ ಅದರ ತೂಕ ಅಧಿನಿಯಮದ್ದು. ಇಂದಿಗೂ ಸಂವಿಧಾನದ 240ನೇ ವಿಧಿಯಡಿ ಅಂಡಮಾನ್, ಲಕ್ಷದ್ವೀಪದಂಥ ಕೇಂದ್ರಾಡಳಿತ ಪ್ರದೇಶಗಳಿಗೆ ರಾಷ್ಟ್ರಪತಿ ಹೊರಡಿಸುವ ರೆಗ್ಯುಲೇಷನ್‌ಗಳಿಗೆ ಸಂಸತ್ತಿನ ಕಾಯ್ದೆಯಷ್ಟೇ ಬಲವಿದೆ. ವಿಶ್ವವಿದ್ಯಾಲಯವೋ ನಿಯಂತ್ರಣ ಮಂಡಳಿಯೋ ಮಾಡುವ ರೆಗ್ಯುಲೇಷನ್ ಮಾತ್ರ ತನ್ನ ತಾಯಿ ಕಾಯ್ದೆಯನ್ನು ಮೀರಲಾರದು.

ಇನ್ನು ಅದು ಇಲ್ಲಿಯವರೆಗೆ ಬಂದ ದಾರಿ. 1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ 372ನೇ ವಿಧಿ ಹಳೆಯ ಶಾಸನಗಳನ್ನು ಬದಲಾಯಿಸುವವರೆಗೆ ಮುಂದುವರಿಸಿತು. ಕೊಡಗು ಆಗ ‘ಸಿ’ ವರ್ಗದ ಪ್ರತ್ಯೇಕ ರಾಜ್ಯ. 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿದಾಗ ರಾಜ್ಯಗಳ ಪುನರ್‌ವಿಂಗಡಣಾ ಅಧಿನಿಯಮದ 119ನೇ ಪ್ರಕರಣ ಅದೇ ಕೆಲಸ ಮಾಡಿತು, ಎಂದರೆ ರಾಜ್ಯದ ಗಡಿ ಬದಲಾದ ಮಾತ್ರಕ್ಕೆ ಆಯಾ ಪ್ರದೇಶದ ಕಾನೂನು ಬದಲಾಗುವುದಿಲ್ಲ. ಹಾಗಾಗಿ ಒಂದೇ ರಾಜ್ಯದಲ್ಲಿ ಕೆಲವು ವರ್ಷ ಹಳೇ ಮೈಸೂರಿಗೆ ಒಂದು, ಮುಂಬಯಿ ಕರ್ನಾಟಕಕ್ಕೆ ಒಂದು, ನಮಗೆ ಒಂದು ಕಂದಾಯ ಕಾನೂನು ನಡೆದವು. ಆ ಗೋಜಲನ್ನು ನಿವಾರಿಸಲೆಂದೇ 1964ರ ಅಧಿನಿಯಮ ಬಂದು ಹಳೆಯವನ್ನು ರದ್ದುಪಡಿಸಿತು. ಎರಡೂ ಒಂದೇ ಮಟ್ಟದವಾದ್ದರಿಂದ, ಭೂಮಿ ರಾಜ್ಯದ ವಿಷಯವೂ ಆದ್ದರಿಂದ, ರಾಜ್ಯ ವಿಧಾನಮಂಡಲ ರೆಗ್ಯುಲೇಷನ್ನನ್ನು ರದ್ದುಮಾಡಲು ದೆಹಲಿಯನ್ನು ಕೇಳಬೇಕಾಗಿರಲಿಲ್ಲ.

ಹಾಗೆಂದು ಕಚೇರಿಯಲ್ಲಿ ನಿಮಗೆ 1899ರ ರೆಗ್ಯುಲೇಷನ್ ನೋಡಬೇಕೆಂದವರು ಪೂರ್ತಿ ತಪ್ಪೂ ಅಲ್ಲ. ಕಾಯ್ದೆ ರದ್ದಾದರೂ ಅದರಡಿ ಆಗಲೇ ದಕ್ಕಿದ ಹಕ್ಕುಗಳು, ಹೊಸ ಕಾಯ್ದೆ ಬೇರೆ ರೀತಿ ಹೇಳದ ಹೊರತು, ಉಳಿಯುತ್ತವೆ. ನಿಮ್ಮ ಜಮೀನು ಅಂದು ಯಾವ ಹಿಡುವಳಿಯಾಗಿತ್ತು ಎಂದು ತಿಳಿಯಲು ಹಳೆಯ ರೆಗ್ಯುಲೇಷನ್ನನ್ನೇ ಬಿಡಿಸಬೇಕು.

ಬೇತ್ರಿಯವ:

ತುಂಬ ಉಪಕಾರವಾಯಿತು. ಎರಡು ಸಂದೇಹ ಉಳಿದಿವೆ. ನಾವು ಬಾಣೆಯನ್ನು ಅನುಭವಿಸುತ್ತಿರುವುದು ಪದ್ಧತಿಯಿಂದ. ಪದ್ಧತಿಗೆ ಈ ಸಾಲಿನಲ್ಲಿ ಸ್ಥಾನವಿದೆಯೇ? ಎರಡನೆಯದು, ಮನೆಯ ಕೋವಿಗೆ (ಬಂದೂಕಿಗೆ) ಇರುವ ಲೈಸೆನ್ಸ್ ವಿನಾಯಿತಿ 1861ರಲ್ಲಿ ಬ್ರಿಟಿಷ್ ಕಮಿಷನರ್ ಕಬ್ಬನ್ ಸಾಹೇಬರು ಕೊಟ್ಟದ್ದು, ಅದನ್ನು ಯಾರೂ ಮುಟ್ಟುವಂತಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಿಜವೇ?

ಹಳೇ ವಕೀಲ, ಮಡಿಕೇರಿ:

ಸಂವಿಧಾನದ 13ನೇ ವಿಧಿ ‘ಕಾನೂನು’ ಎಂಬುದರೊಳಗೆ ನಿಯಮ, ಅಧಿಸೂಚನೆಗಳ ಜೊತೆಗೆ ಕಾನೂನಿನ ಬಲವುಳ್ಳ ಪದ್ಧತಿ, ರೂಢಿಯನ್ನೂ ಸೇರಿಸಿದೆ. ಆದರೆ ಅಧಿನಿಯಮ ಎದುರಾದಲ್ಲಿ ಪದ್ಧತಿ ಅದು ಬಿಟ್ಟುಕೊಟ್ಟಷ್ಟೇ ಜಾಗದಲ್ಲಿ ಬದುಕಬೇಕು. 1964ರ ಅಧಿನಿಯಮದ 79ನೇ ಪ್ರಕರಣ ತೆರೆದು ನೋಡಿ: ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ, ಹಾಡಿ ಎಂಬ ಇಂಥವೇ ಸೌಲಭ್ಯದ ಜಮೀನುಗಳ ಜೊತೆಗೆ ಕೊಡಗಿನ ಜಮ್ಮಾ ಮತ್ತು ಬಾಣೆಯನ್ನು ಹೆಸರು ಹೇಳಿಯೇ ಎತ್ತಿಕೊಂಡು, ಪದ್ಧತಿಯಿಂದಲೋ ಆದೇಶದಿಂದಲೋ ಅನುಭವಿಸುತ್ತಿದ್ದ ಸೌಲಭ್ಯಗಳು ಮುಂದುವರಿಯುತ್ತವೆ ಎಂದಿದೆ. ಇದಕ್ಕೆ ವಿರುದ್ಧವಾದ ಉದಾಹರಣೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 4ನೇ ಪ್ರಕರಣ. ಆ ಅಧಿನಿಯಮ ಏರ್ಪಾಡು ಮಾಡಿರುವ ವಿಷಯಗಳಲ್ಲಿ ಪದ್ಧತಿಯನ್ನು ಅದು ನಿಲ್ಲಿಸಿಬಿಟ್ಟಿದೆ. ಐನ್‌ಮನೆಯ (ಒಕ್ಕದ ಮೂಲ ಮನೆಯ) ಪಂಚಾಯಿತಿಯಲ್ಲಿ ‘ನಮ್ಮ ಪದ್ಧತಿ’ ಎಂದು ಮಾತು ತೆಗೆಯುವವರು ಈ ಎರಡನ್ನೂ ಒಟ್ಟಿಗೆ ಓದಬೇಕು. ಸಾಮಾನ್ಯವಾಗಿ ತಮಗೆ ಅನುಕೂಲವಾದ ಒಂದನ್ನೇ ಓದಿರುತ್ತಾರೆ.

ಕೋವಿಯ ವಿಷಯದಲ್ಲಿ ಹಿರಿಯರ ಮಾತು ಅರ್ಧ ಸರಿ. 1861ರ ಘೋಷಣೆ ಇತಿಹಾಸ, ಇಂದು ಅದರಿಂದ ನೇರವಾಗಿ ಯಾವ ಹಕ್ಕೂ ಹುಟ್ಟುವುದಿಲ್ಲ. ಆಯುಧಗಳು ಕೇಂದ್ರಪಟ್ಟಿಯ 5ನೇ ಬಾಬು. ಅದರಡಿ ಸಂಸತ್ತು ಮಾಡಿದ್ದು 1959ರ ಆಯುಧ ಅಧಿನಿಯಮ. ಅದರ 41ನೇ ಪ್ರಕರಣ ಸಾರ್ವಜನಿಕ ಹಿತದಲ್ಲಿ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಕೊಟ್ಟ 2019ರ ಅಧಿಸೂಚನೆ ಆ ಪ್ರಕರಣದಡಿಯದು, ಅದರ ಅವಧಿ 2029ರವರೆಗೆ. ಸಮಾನತೆಯ ಹಕ್ಕಿಗೆ ಇದು ವಿರುದ್ಧ ಎಂದು ಪ್ರಶ್ನಿಸಿದಾಗ ಕರ್ನಾಟಕ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಮೇಲಿನಿಂದ ಕೆಳಗಿನವರೆಗೆ ಇಡೀ ಸರಪಳಿ ಇಲ್ಲಿ ಕಣ್ಣಿಗೆ ಕಾಣುತ್ತದೆ, ಅವಧಿ ಮುಗಿದ ಮೇಲೆ ಹೊಸ ಅಧಿಸೂಚನೆ ಬೇಕು ಎಂಬುದೂ ಕಾಣುತ್ತದೆ.

ಕಟ್ಟೆಮನೆ ಓದುಗ:

ಸುತ್ತೋಲೆಯ ಮಾತು ಉಳಿಯಿತು. ಸಂತರಾಮ ಶರ್ಮ ವಿರುದ್ಧ ರಾಜಸ್ಥಾನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ನಿಯಮ ಮೌನವಾಗಿರುವ ಕಡೆ ಸರ್ಕಾರ ಆಡಳಿತಾತ್ಮಕ ಸೂಚನೆಯಿಂದ ತೆರವು ತುಂಬಬಹುದು, ಶಾಸನಬದ್ಧ ನಿಯಮವನ್ನು ಅದರಿಂದ ಬದಲಾಯಿಸುವಂತಿಲ್ಲ. ನಿಮಗೆ ತೋರಿಸಿದ ಪ್ರತಿಯ ದಿನಾಂಕ, ಸಂಖ್ಯೆ ಗುರುತು ಮಾಡಿಕೊಳ್ಳಿ. ಅದರ ಮೇಲ್ಭಾಗದ ‘ಉಲ್ಲೇಖ’ ಎಂಬಲ್ಲಿ ಅಧಿನಿಯಮದ ಪ್ರಕರಣವಿದೆಯೋ, ಬರೀ ಹಿಂದಿನ ಪತ್ರಗಳ ಸಂಖ್ಯೆಯಿದೆಯೋ ನೋಡಿ. ಬರೀ ಪತ್ರಗಳಿದ್ದರೆ, 79ನೇ ಪ್ರಕರಣವನ್ನು ಉದ್ಧರಿಸಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಉತ್ತರವನ್ನೂ ಲಿಖಿತವಾಗಿಯೇ ಕೇಳಿ.