ಕೊಲೋಡಿಯನ್ ಕೂಸು ಮನಿಗೆ ಬರಾಕತ್ತೈತಿ, ಎರಿಯೋದು ಹೆಂಗ?

ಪ್ರಶ್ನೆ (ಆಶಾ ಕಾರ್ಯಕರ್ತೆ, ಬಾದಾಮಿ ತಾಲ್ಲೂಕು)

ಹುಟ್ಟಿದಾಗ ಮೈತುಂಬ ಬಿಗಿಯಾದ, ಹೊಳೆಯೋ ಪೊರೆ ಇತ್ತು, ಕಣ್ಣರೆಪ್ಪಿ ಹೊರಗ ತಿರುಗಿದ್ವು. ಇಷ್ಟು ದಿನ ಇನ್‌ಕ್ಯುಬೇಟರ್‌ನಾಗ ಇಟ್ಟಿದ್ರು. ಈಗ 13 ದಿನ, 2.4 ಕೆಜಿ, ಎದಿಹಾಲು ಕುಡೀತೈತಿ. ಹೊಟ್ಟಿ ಮ್ಯಾಲಿನ ಪೊರೆ ಸುಲಿಯಾಕತ್ತೈತಿ. ನಾಳೆ ಡಿಸ್ಚಾರ್ಜ್. ಹರಳೆಣ್ಣಿ ಹಚ್ಚಿ, ಬಿಸಿನೀರು ಎರದು, ಉಳಿದ ಪೊರೆ ತಿಕ್ಕಿ ತಗೀತೀನಿ ಅಂತಾರ ಆಯಿ. ಹೊರಸಿನ ಕೆಳಗ ಕೆಂಡಾನೂ ತಯಾರೈತಿ. ತಾಯಿನ್ನ ಸೋದರಮಾವನಿಗೇ ಕೊಟ್ಟಾರ. ಮನಿಯವರಿಗೆ ಏನು ಹೇಳಲಿ?

ಉತ್ತರ 1 (ಚರ್ಮರೋಗ ವೈದ್ಯ, ವಿಜಯಪುರ)

ಪೊರೆ ಕೀಳಬಾರದು, ತಿಕ್ಕಬಾರದು. ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ತಾನೇ ಉದುರುತ್ತದೆ. ಎಳೆದರೆ ಕೆಳಗಿನ ಹಸಿ ಚರ್ಮ ಬಾಯಿಬಿಟ್ಟು ನಂಜು ಏರುತ್ತದೆ. ಈ ಕೂಸಿಗೆ ನಿಜವಾದ ಅಪಾಯ ಚರ್ಮದಿಂದ ನೀರು ಆರಿಹೋಗುವುದು. ಅದರಿಂದ ರಕ್ತದಲ್ಲಿ ಸೋಡಿಯಂ ಏರುತ್ತದೆ, ತೂಕ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ.

ವೈಟ್ ಸಾಫ್ಟ್ ಪ್ಯಾರಫಿನ್, ಲಿಕ್ವಿಡ್ ಪ್ಯಾರಫಿನ್ ಸಮಸಮ ಬೆರೆಸಿದ ಮುಲಾಮನ್ನು 4ರಿಂದ 6 ತಾಸಿಗೊಮ್ಮೆ ಹಚ್ಚಿ. ಉಗುರುಬೆಚ್ಚಗಿನ ನೀರಲ್ಲಿ ಚುಟುಕು ಸ್ನಾನ, ಒತ್ತಿ ಒರೆಸಿ, ಮೈ ಹಸಿ ಇರುವಾಗಲೇ ಮುಲಾಮು. ಯೂರಿಯಾ, ಸ್ಯಾಲಿಸಿಲಿಕ್ ಆ್ಯಸಿಡ್, ಲ್ಯಾಕ್ಟಿಕ್ ಆ್ಯಸಿಡ್ ಇರುವ ಕ್ರೀಮು ಬೇಡವೇ ಬೇಡ. ದೊಡ್ಡವರ ಇಕ್ತಿಯೋಸಿಸ್‌ಗೆ (ಚರ್ಮ ಒಣಗಿ ಮೀನಿನ ಹುರುಪೆಯಂತಾಗುವ ರೋಗ) ಅವೇ ಒಳ್ಳೆಯ ಮದ್ದು, ಅಂಗಡಿಯವರು ಕೊಟ್ಟೂ ಬಿಡುತ್ತಾರೆ; ಎಳೆಗೂಸಿನ ಇಂಥ ಚರ್ಮದಿಂದ ಅವು ನೇರ ರಕ್ತಕ್ಕೆ ಇಳಿದು ವಿಷವಾಗುತ್ತವೆ. ಕಣ್ಣಿಗೆ ಹನಿ ಎಷ್ಟು ಸಲ ಎಂದು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ರೆಪ್ಪೆ ಮುಚ್ಚದಿದ್ದರೆ ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ.

ಉತ್ತರ 2 (ಎಸ್‌ಎನ್‌ಸಿಯು ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದ ಶುಶ್ರೂಷಕಿ, ಬೆಳಗಾವಿ)

ಅಕ್ಕಾರ, ಮೊದಲ ಕೆಂಡ ತಗಸ್ರಿ. ಪ್ಯಾರಫಿನ್ ಕುಡಿದ ಅರಿವಿಗೆ ಕಿಡಿ ತಾಗಿದ್ರ ಭರ್ರನೆ ಹತ್ತತೈತಿ. ಲೋಬಾನದ ಹೊಗೀನೂ ಬ್ಯಾಡ. ಇನ್ನೊಂದು, ಇಂಥಾ ಕೂಸಿಗೆ ಬೆವರು ಸರಿಯಾಗಿ ಬರೂದಿಲ್ಲ. ನಮ್ಮ ಕಡೆ ಏಪ್ರಿಲ್-ಮೇ ಬಿಸಲಾಗ ಜ್ವರ ಬಂದಂಗ ಮೈ ಕಾಯತೈತಿ. ಬಗಲಾಗ ಥರ್ಮಾಮೀಟರ್ ಇಟ್ಟು ನೋಡ್ರಿ: 36.5ರಿಂದ 37.5 ಸೆಲ್ಸಿಯಸ್ ಇರಬೇಕು. ಹೆಚ್ಚಾದ್ರ ಅರಿವಿ ಸಡಲ ಮಾಡ್ರಿ, ಅರ್ಧ ತಾಸು ಬಿಟ್ಟು ಮತ್ತ ನೋಡ್ರಿ. ಆಗೂ ಇಳೀದಿದ್ರ ಬಿಸಲು ಅಂತ ಕೂಡಬ್ಯಾಡ್ರಿ, ನಂಜು ಇರಬಹುದು, ಆಸ್ಪತ್ರಿಗೆ ಒಯ್ರಿ.

ನಿಮ್ಮ ಗೃಹಭೇಟಿ 14, 21, 28, 42ನೇ ದಿನಕ್ಕ ಇದ್ದೇ ಇರತಾವು, ಈ ಕೂಸಿಗೆ ಅಷ್ಟು ಸಾಲದು. ಮೊದಲ ಎರಡು ವಾರ ದಿನಾ ಬಿಟ್ಟು ದಿನಾ ತೂಕ ನೋಡ್ರಿ. ದಿನಕ್ಕ 20-30 ಗ್ರಾಂ ಏರಬೇಕು. ಉಚ್ಚಿ 6 ಸಲಕ್ಕಿಂತ ಕಮ್ಮಿ, ಹಾಲು ಬಿಡೂದು, ಬೆರಳಿಗೆ ಪೊರೆ ಉಂಗುರದಂಗ ಬಿಗಿದು ತುದಿ ನೀಲಿಗಟ್ಟೂದು, ಬಿರುಕಿನಾಗ ಕೀವು: ಯಾವುದೇ ಒಂದು ಕಂಡ್ರೂ ಅವತ್ತೇ ಹೊಂಡ್ರಿ.

ಉತ್ತರ 3 (ಮಕ್ಕಳ ವೈದ್ಯೆ, ಬಾಗಲಕೋಟೆ)

ಸೋದರಿಕೆಯ ಮಾತು ಬಂದದ್ದಕ್ಕೆ ಇದು. ಹೆಚ್ಚಿನ ಕೊಲೋಡಿಯನ್ ಕೂಸುಗಳಲ್ಲಿ ತಂದೆ-ತಾಯಿ ಇಬ್ಬರೂ ವಾಹಕರು, ಅಂದರೆ ತಮಗೆ ರೋಗವಿಲ್ಲದೆ ದೋಷದ ಜೀನನ್ನು ಹೊತ್ತವರು; ರಕ್ತಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಹೆಚ್ಚು. ಟಿಜಿಎಂ1 ಜೀನಿನ ದೋಷ ಎಲ್ಲಕ್ಕಿಂತ ಸಾಮಾನ್ಯ. ಅಂಥವರ ಪ್ರತಿ ಬಸಿರಿಗೂ ಕೂಸಿಗೆ ಇದೇ ರೋಗ ಬರುವ ಸಾಧ್ಯತೆ 4ರಲ್ಲಿ 1 ಪಾಲು. ಸೊಸೆ ಗ್ರಹಣ ನೋಡಿದಳು ಅನ್ನುವ ಮಾತು ಮನೆಯಲ್ಲಿ ಎದ್ದರೆ ಅಲ್ಲೇ ತಡೆಯಿರಿ. ಮುಂದಿನ ಬಸಿರಿಗೆ ಮುಂಚೆಯೇ ಕೂಸಿನ ರಕ್ತದ ಜೀನ್ ಪರೀಕ್ಷೆ ಮುಗಿದಿದ್ದರೆ ಮಾತ್ರ 11-13ನೇ ವಾರದಲ್ಲಿ ಭ್ರೂಣದ ಪರೀಕ್ಷೆ ಸಾಧ್ಯ. ಪೊರೆ ಬಿದ್ದ ಮೇಲೆ ಕೆಲವು ಕೂಸುಗಳ ಚರ್ಮ ಬಹುತೇಕ ಸರಿಯಾಗುತ್ತದೆ, ಹೆಚ್ಚಿನವಕ್ಕೆ ಹುರುಪೆ ಉಳಿಯುತ್ತದೆ. ಯಾವುದೆಂದು ಈಗಲೇ ಮಾತು ಕೊಡಬೇಡಿ.

ಪ್ರಶ್ನೆ ಕೇಳಿದವರು

ಮುಲಾಮು ಎಷ್ಟು ತರಸಲಿ ಮೇಡಂ?

ಉತ್ತರ 3

ವಾರಕ್ಕೆ 125 ಗ್ರಾಂ ಹಿಡಿಯಿರಿ. ದೊಡ್ಡ ಡಬ್ಬಿಯಾದರೆ ಬೆರಳು ಅದ್ದಬೇಡಿ, ಕುದಿಸಿ ಆರಿಸಿದ ಚಮಚದಿಂದ ಬಟ್ಟಲಿಗೆ ತೆಗೆದುಕೊಂಡು ಹಚ್ಚಿ. ಬಟ್ಟಲಲ್ಲಿ ಉಳಿದದ್ದನ್ನು ಡಬ್ಬಿಗೆ ತಿರುಗಿ ಹಾಕಬಾರದು.